ಸಮಾರಂಭ: ಸೌದೆ ಕೊಯ್ಯುವ ಸರಪಳಿಯ ಆಯ್ಕೆ ಮತ್ತು ಕರ್ತೃತ್ವದ ಪ್ರಶ್ನೆ

ಹಿಂಸೆಯ ಹೊಣೆಯು ಕ್ರಿಯೆಯ ಯಾವ ಗಳಿಗೆಯಿಂದ ಲೆಕ್ಕಕ್ಕೆ ಬರುತ್ತದೆ ಎಂಬ ಪ್ರಶ್ನೆಯನ್ನು ಜೈನರಷ್ಟು ಎಳೆ ಎಳೆಯಾಗಿ ಬಿಡಿಸಿ ನೋಡಿದವರು ಭಾರತೀಯ ದರ್ಶನಗಳಲ್ಲಿ ವಿರಳ. ಉಮಾಸ್ವಾಮಿಯ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ಕರ್ಮವು ಜೀವದೊಳಕ್ಕೆ ಹರಿದುಬರುವ ಬಗೆಯನ್ನು, ಅಂದರೆ ಆಸ್ರವವನ್ನು, ವಿವರಿಸುವಾಗ ಒಂದೇ ಕ್ರಿಯೆಯನ್ನು ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳಾಗಿ ಒಡೆಯುತ್ತದೆ. ಕರ್ನಾಟಕದ ಜೈನ ಪರಂಪರೆ ಆದರದಿಂದ ನೆನೆಯುವ ಪೂಜ್ಯಪಾದರು ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನದಲ್ಲಿ ಈ ಮೂರನ್ನೂ ಬಿಡಿಸುತ್ತಾರೆ: ಎಚ್ಚರತಪ್ಪಿದವನು ಜೀವಹಾನಿಯಂಥ ಕೆಲಸಕ್ಕೆ ಮನಸ್ಸು ಹೂಡುವುದು ಸಂರಂಭ, ಆ ಕೆಲಸಕ್ಕೆ ಬೇಕಾದ ಸಾಧನಗಳನ್ನು ಕೂಡಿಸಿ ಅಣಿಗೊಳಿಸುವುದು ಸಮಾರಂಭ, ಕೊನೆಗೆ ಕೈಹಾಕುವುದು ಆರಂಭ. ಇಂದಿನ ಕನ್ನಡದಲ್ಲಿ ಸಮಾರಂಭವೆಂದರೆ ಹಾರ, ಭಾಷಣ, ಊಟಗಳ ಸಭೆಯೆಂದೇ ಅರ್ಥವಾದ್ದರಿಂದ, ಅದೇ ಪದ ಒಂದು ಕಾಲಕ್ಕೆ ಕೊಡಲಿಯನ್ನು ಮಸೆದಿಡುವ ಕ್ರಿಯೆಗೂ ಸಲ್ಲುತ್ತಿತ್ತು ಎಂಬುದು ಓದುಗರ ಗಮನಕ್ಕೆ ಬರುವುದು ಕಡಿಮೆ.

ಸೂತ್ರವು ಇಷ್ಟಕ್ಕೇ ನಿಲ್ಲುವುದಿಲ್ಲ. ಈ ಮೂರು ಹಂತಗಳನ್ನು ಮನಸ್ಸು, ಮಾತು, ಮೈಗಳೆಂಬ ಮೂರು ಯೋಗಗಳಿಂದಲೂ, ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡುವವರಿಗೆ ಒಪ್ಪಿಗೆ ಕೊಟ್ಟದ್ದು ಎಂಬ ಕೃತ, ಕಾರಿತ, ಅನುಮತಗಳಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದಾಗ 108 ಬಗೆಗಳಾಗುತ್ತವೆ. ಜಪಮಾಲೆಯ 108 ಮಣಿಗಳು ಈ 108 ಬಾಗಿಲುಗಳನ್ನು ಮುಚ್ಚುವುದಕ್ಕೆ ಎಂಬ ವಿವರಣೆಯೂ ಜೈನರಲ್ಲಿದೆ. ಈ ಲೆಕ್ಕವನ್ನು ಒಪ್ಪಿದವನಿಗೆ ಸಾಧನವನ್ನು ಆರಿಸುವುದು ಕ್ರಿಯೆಗೆ ಮುಂಚಿನ ಬರಿಯ ವ್ಯಾವಹಾರಿಕ ಸಿದ್ಧತೆಯಾಗಿ ಉಳಿಯುವುದಿಲ್ಲ. ಅದು ಕ್ರಿಯೆಯ ಎರಡನೆಯ ಪಾದವೇ ಆಗುತ್ತದೆ. ಸೌದೆ ಕೊಯ್ಯುವ ಯಂತ್ರಗರಗಸಕ್ಕೆ, ಅಂದರೆ ಎಲ್ಲರೂ ಚೈನ್ ಸಾ ಎಂದು ಕರೆಯುವ ಉಪಕರಣಕ್ಕೆ, ಯಾವ ಸರಪಳಿ ತಕ್ಕದ್ದು ಎಂಬ ಪ್ರಶ್ನೆ ಅಂಗಡಿಯ ಕಟ್ಟೆಯ ಮೇಲೆ ಇತ್ಯರ್ಥವಾಗುವ ಸಣ್ಣ ಸಂಗತಿಯಂತೆ ಕಂಡರೂ, ಸಮಾರಂಭದ ಈ ಅರ್ಥದ ಬೆಳಕಿನಲ್ಲಿ ಅದು ಧರ್ಮಪ್ರಶ್ನೆಯೇ ಸರಿ.

ಈ ಪ್ರಶ್ನೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ಪಡೆಯುವ ರೂಪ ವಿಶಿಷ್ಟವಾದದ್ದು. ಡೊಂಬಿವಲಿಯ ಕರ್ನಾಟಕ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘಗಳಂಥ ಸಂಸ್ಥೆಗಳನ್ನು ಕಟ್ಟಿಕೊಂಡು ನೆಲೆನಿಂತ ಇಲ್ಲಿಯ ಕನ್ನಡ, ತುಳು ಮಾತಿನ ಮನೆತನಗಳಲ್ಲಿ ಬಹುಪಾಲು ಕರಾವಳಿಯಿಂದ ಬಂದಂಥವು. ಕರಾವಳಿಯಲ್ಲಿ ಮನೆಯ ಹಿರಿಯರು ತೀರಿಕೊಂಡಾಗ ಹಿತ್ತಿಲಿನ ಮಾವಿನ ಮರವನ್ನು ಕಡಿದು ಅದೇ ಹಸಿ ಕಟ್ಟಿಗೆಯಿಂದ ಚಿತೆ ಒಟ್ಟುವ ರೂಢಿಯಿದೆ. ಅಲ್ಲಿ ಮರವನ್ನು ನೆಟ್ಟವರು, ಅದರ ಹಣ್ಣು ತಿಂದವರು, ಕೊಡಲಿಯ ಏಟಿನ ಸದ್ದು ಕೇಳುತ್ತ ಅಂಗಳದಲ್ಲಿ ಕುಳಿತವರು ಎಲ್ಲರೂ ಒಂದೇ ಮನೆಯವರಾದ್ದರಿಂದ ಕಡಿದವರು ಯಾರು, ಕಡಿಸಿದವರು ಯಾರು ಎಂಬುದರಲ್ಲಿ ಸಂದೇಹ ಹುಟ್ಟುವುದಿಲ್ಲ. ಬಹುಮಹಡಿ ಕಟ್ಟಡದಲ್ಲಿ ವಾಸಿಸುವ ಕುಟುಂಬಕ್ಕೆ ಹಿತ್ತಿಲೂ ಇಲ್ಲ, ಮಾವೂ ಇಲ್ಲ. ವಿದ್ಯುತ್ ಅಥವಾ ಗ್ಯಾಸಿನ ಚಿತಾಗಾರವನ್ನು ಬಯಸದವರಿಗೆ ಸ್ಮಶಾನಭೂಮಿಯ ಮೂಲೆಯಲ್ಲೋ ಲಾಕ್ಡಾಚಿ ವಖಾರ್ ಎಂದು ಮರಾಠಿಯಲ್ಲಿ ಕರೆಯುವ ಸೌದೆ ಡಿಪೋದಲ್ಲೋ ಪೇರಿಸಿಟ್ಟ ಕೊರಡುಗಳು ತೂಕದ ಲೆಕ್ಕದಲ್ಲಿ ದೊರೆಯುತ್ತವೆ. ಒಂದು ಚಿತೆಗೆ ಸಾಮಾನ್ಯವಾಗಿ 300ರಿಂದ 400 ಕಿಲೊ ಕಟ್ಟಿಗೆ ಬೇಕಾಗುತ್ತದೆ. ಅಷ್ಟು ಕಟ್ಟಿಗೆಯನ್ನು ಕೊಯ್ದ ಕೈ ಯಾವುದು, ಕೊಯ್ದ ಹೊತ್ತಿನಲ್ಲಿ ಮರ ಹಸಿಯಾಗಿತ್ತೋ ಒಣಗಿತ್ತೋ ಎಂಬುದನ್ನು ಬೆಂಕಿಯಿಡುವ ಮಗ ತಿಳಿದಿರುವುದಿಲ್ಲ.

ಹಸಿ, ಒಣ ಎಂಬ ಭೇದಕ್ಕೆ ಧರ್ಮಶಾಸ್ತ್ರ ಕೊಟ್ಟ ಬೆಲೆ ದೊಡ್ಡದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಉರುವಲಿಗಾಗಿ ಒಣಗದ ಮರವನ್ನು ಉರುಳಿಸುವುದನ್ನು ಉಪಪಾತಕಗಳ, ಅಂದರೆ ಮಹಾಪಾತಕಕ್ಕಿಂತ ಕಿರಿದಾದರೂ ಪ್ರಾಯಶ್ಚಿತ್ತ ಬೇಡುವ ಪಾಪಗಳ, ಪಟ್ಟಿಯಲ್ಲಿಡುತ್ತದೆ. ಹಣ್ಣು ಕೊಡುವ ಮರವನ್ನು ಕಡಿದವನಿಗೆ ನೂರು ಋಕ್ಕುಗಳ ಜಪವನ್ನು ಬೇರೆಯಾಗಿಯೇ ವಿಧಿಸುತ್ತದೆ. ಈ ಮಾತನ್ನು ಅಕ್ಷರಶಃ ಹಿಡಿದರೆ ಕರಾವಳಿಯ ಹಸಿಮಾವಿನ ಚಿತೆಗೆ ಶಾಸ್ತ್ರದ ಬೆಂಬಲ ಸಿಗುವುದು ಕಷ್ಟ. ಅದು ಮಳೆನಾಡಿನ ಅನಿವಾರ್ಯದಿಂದಲೂ ಸತ್ತವರೊಡನೆ ಮನೆಯ ಒಂದು ಮರವೂ ಹೋಗಲಿ ಎಂಬ ಭಾವದಿಂದಲೂ ಬೆಳೆದ ಆಚಾರವೆಂದು ತಿಳಿಯುವುದೇ ನ್ಯಾಯ.

ನಗರದ ಕಾನೂನೂ ತನ್ನದೇ ದಾರಿಯಿಂದ ಇಂಥದೇ ಭೇದಕ್ಕೆ ಬಂದು ನಿಂತಿದೆ. ಮಹಾರಾಷ್ಟ್ರದ ನಗರಪ್ರದೇಶಗಳ ವೃಕ್ಷ ಸಂರಕ್ಷಣೆಗೆಂದು 1975ರಲ್ಲಿ ಬಂದ ಕಾಯಿದೆಯ ಪ್ರಕಾರ ವೃಕ್ಷ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಮರ ಕಡಿಯುವಂತಿಲ್ಲ. 2021ರ ತಿದ್ದುಪಡಿಯು 50 ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಗುರುತಿಸಿ, ಕಡಿದ ಮರಕ್ಕೆ ಎಷ್ಟು ವಯಸ್ಸೋ ಅಷ್ಟು ಸಸಿಗಳನ್ನು ನೆಡಬೇಕೆಂಬ ನಿಯಮವನ್ನೂ ತಂದಿತು. ಆದ್ದರಿಂದ ಈ ನಗರಗಳಲ್ಲಿ ಧರ್ಮಕ್ಕೂ ಕಾನೂನಿಗೂ ಅಡ್ಡಿಯಾಗದೆ ಸಿಗುವ ಸೌದೆಯೆಂದರೆ ತಾನಾಗಿ ಬಿದ್ದ ಮರದ್ದು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಸವರಿಕೊಂಡು ಹೋದಾಗ ಇಲ್ಲೆಲ್ಲ ಮರಗಳು ಬುಡಮೇಲಾದವು. ಪ್ರತಿ ಮಳೆಗಾಲದಲ್ಲಿಯೂ ಸಣ್ಣ ಪ್ರಮಾಣದಲ್ಲಿ ಅದೇ ಮರುಕಳಿಸುತ್ತದೆ. ಹಾಗೆ ಬೀಳುವ ಮರಗಳಲ್ಲಿ ಮಡಗಾಸ್ಕರ್ ಮೂಲದ ಗುಲ್‌ಮೊಹರ್, ಅಮೆರಿಕ ಖಂಡದಿಂದ ಬಂದ ಮಳೆಮರ ಮತ್ತು ಸುಬಾಬುಲ್‌ಗಳು ಸೇರಿವೆ. ಹೊರಗಿನಿಂದ ಬಂದು, ಕಾಂಕ್ರೀಟಿನ ನಡುವೆ ಬೇರಿಗೆ ಸಿಕ್ಕಷ್ಟೇ ಮಣ್ಣಿನಲ್ಲಿ ನಿಂತು, ಇಲ್ಲಿಯವರಿಗೆ ನೆರಳು ಕೊಟ್ಟ ಈ ಮರಗಳ ಬಗ್ಗೆ ಅದೇ ಬಗೆಯಲ್ಲಿ ಇಲ್ಲಿಗೆ ಬಂದು ನೆಲೆಸಿದ ಜನರಿಗೆ ಅಕ್ಕರೆಯಿರುವುದು ಸಹಜ.

ಬಿದ್ದ ಮರವು ಸರಪಳಿಗೆ ಒಡ್ಡುವ ಸವಾಲು ನಿಂತ ಮರದ್ದಕ್ಕಿಂತ ಬೇರೆ. ಸರಪಳಿಯ ಆಯ್ಕೆಯಲ್ಲಿ ಎರಡು ಅಳತೆಗಳನ್ನು ಮನುಷ್ಯ ಆರಿಸುವಂತಿಲ್ಲ: ಒಂದು ಪಿಚ್, ಅಂದರೆ ಸಾಲಾಗಿ ಬರುವ ಮೂರು ರಿವೆಟ್‌ಗಳ ನಡುವಿನ ದೂರದ ಅರ್ಧ, ಇದು ಸಾಮಾನ್ಯವಾಗಿ 0.325 ಇಂಚು ಅಥವಾ 3/8 ಇಂಚು. ಇನ್ನೊಂದು ಗೇಜ್, ಅಂದರೆ ಬಾರ್ ಎಂದು ಕರೆಯುವ ಉದ್ದ ಪಟ್ಟಿಯ ಅಂಚಿನ ತೋಡಿನೊಳಗೆ ಇಳಿದು ಓಡುವ ಕೊಂಡಿಯ ದಪ್ಪ, ಇದು 1.3, 1.5 ಅಥವಾ 1.6 ಮಿಲಿಮೀಟರ್. ಇವೆರಡನ್ನೂ ಕೊಂಡಿಗಳ ಒಟ್ಟು ಸಂಖ್ಯೆಯನ್ನೂ ಯಂತ್ರ ಮತ್ತು ಬಾರ್ ಮೊದಲೇ ನಿರ್ಣಯಿಸಿರುತ್ತವೆ. ಆಯ್ಕೆಯಿಲ್ಲದಲ್ಲಿ ಹೊಣೆಯೂ ಇಲ್ಲವಾದ್ದರಿಂದ ಧರ್ಮವಿಚಾರಕ್ಕೆ ಉಳಿಯುವುದು ಹಲ್ಲಿನ ಆಕಾರ, ಅದರ ಕೋನ, ಅದು ಮರದೊಳಕ್ಕೆ ಇಳಿಯುವ ಆಳ.

ಫುಲ್ ಚಿಸೆಲ್ ಎಂಬ ಸರಪಳಿಯ ಹಲ್ಲಿನ ಮೂಲೆ ಉಳಿಯ ತುದಿಯಂತೆ ಚೌಕವಾಗಿ, ಚೂಪಾಗಿ ಇರುತ್ತದೆ. ಹಸಿಯಾದ, ಮೃದುವಾದ, ಮಣ್ಣು ತಾಗದ ಮರವನ್ನು ಅದು ಎಲ್ಲಕ್ಕಿಂತ ಬೇಗ ಕೊಯ್ಯುತ್ತದೆ, ಆದರೆ ಒಂದಿಷ್ಟು ಮರಳು ತಾಗಿದರೆ ಸಾಕು, ಆ ಮೂಲೆ ಮುರಿದು ಸರಪಳಿ ಮೊಂಡಾಗುತ್ತದೆ. ಸೆಮಿ ಚಿಸೆಲ್‌ನ ಮೂಲೆ ತುಸು ದುಂಡಗಿರುವುದರಿಂದ ವೇಗ ಕಡಿಮೆ. ಆದರೂ ಒಣಗಿ ಗಟ್ಟಿಯಾದ, ಕೆಸರು ಮೆತ್ತಿದ ಕೊರಡಿನಲ್ಲಿ ಅದರ ಹರಿತ ಬಹಳ ಹೊತ್ತು ಉಳಿಯುತ್ತದೆ. ರಸ್ತೆಯ ಬದಿಯಲ್ಲಿ ವಾರಗಟ್ಟಲೆ ಬಿದ್ದಿದ್ದು, ತೊಗಟೆಯ ಬಿರುಕುಗಳಲ್ಲಿ ಮರಳು ತುಂಬಿಕೊಂಡು, ಫಲಕಕ್ಕೆಂದೋ ದೀಪದ ಸರಕ್ಕೆಂದೋ ಹಿಂದೆ ಹೊಡೆದ ಮೊಳೆಗಳನ್ನು ಒಡಲಲ್ಲಿ ಇಟ್ಟುಕೊಂಡಿರಬಹುದಾದ ಮಳೆಮರದ ಕಾಂಡಕ್ಕೆ ಸೆಮಿ ಚಿಸೆಲ್ ಸರಪಳಿಯೇ ತಕ್ಕದ್ದು, ಮೊಳೆಗೆ ಮಾತ್ರ ಯಾವ ಹಲ್ಲೂ ತಡೆಯುವುದಿಲ್ಲವಾದ್ದರಿಂದ ಕೊಯ್ಯುವ ಮೊದಲು ಅದನ್ನು ಹುಡುಕಿ ಕೀಳಬೇಕು. ಹಸಿ ಮರವನ್ನು ಉರುಳಿಸುವುದಕ್ಕೆ ಹೇಳಿ ಮಾಡಿಸಿದಂತಿರುವ ಹಲ್ಲೊಂದು, ಒಣ ಕೊರಡಿನೊಡನೆ ಬಾಳುವುದಕ್ಕೆ ಒಗ್ಗಿದ ಹಲ್ಲು ಇನ್ನೊಂದು ಎಂದಾದರೆ, ಮನುಸ್ಮೃತಿ ಪಾತಕಕ್ಕೂ ಅಪಾತಕಕ್ಕೂ ನಡುವೆ ಎಳೆದ ಗೆರೆಯೇ ಕಬ್ಬಿಣದ ಅಂಗಡಿಯಲ್ಲಿ ಎರಡು ಪೊಟ್ಟಣಗಳ ನಡುವೆಯೂ ಹಾಯುತ್ತದೆ. ಸರಪಳಿಯನ್ನು ಕೊಳ್ಳುವವನು ತಾನು ಯಾವ ಮರಕ್ಕೆ ಕೈಹಾಕಲಿದ್ದೇನೆ ಎಂಬುದನ್ನು ಕೊಳ್ಳುವ ಹೊತ್ತಿಗೇ ನಿಶ್ಚಯಿಸಿರುತ್ತಾನೆ, ಅದೇ ಸಮಾರಂಭ.

ಹಲ್ಲಿನ ಕೋನವೂ ಉದ್ದೇಶವನ್ನು ಹೇಳುತ್ತದೆ. ನಾರಿಗೆ ಅಡ್ಡಲಾಗಿ ಕತ್ತರಿಸಿ ತುಂಡು ಮಾಡುವ ಸರಪಳಿಯ ಹಲ್ಲನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಮಸೆಯುತ್ತಾರೆ. ನಾರಿನ ಉದ್ದಕ್ಕೆ ಸೀಳಿ ಹಲಗೆ ತೆಗೆಯುವ ಸರಪಳಿಯದು 10 ಡಿಗ್ರಿಯ ಆಸುಪಾಸು. ಸೌದೆಗೆ ಮೊದಲನೆಯದೇ ಸಾಕು, ಸೀಳುವ ಕೆಲಸವನ್ನು ಕೊಡಲಿಗೂ ಬೆಣೆಗೂ ಬಿಡುವುದು ಲೇಸು.

ಒಣ ಮರದಲ್ಲಿ ಹಿಂಸೆಯಿಲ್ಲವೆಂಬ ಸಮಾಧಾನವೂ ಪೂರ್ತಿಯಾಗಿ ನಿಲ್ಲುವುದಿಲ್ಲ. ಜೈನರ ಗಣನೆಯಲ್ಲಿ ಮರವು ಸ್ಪರ್ಶವೊಂದೇ ಇಂದ್ರಿಯವಾಗಿರುವ ಏಕೇಂದ್ರಿಯ ಜೀವ. ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು ಇಂದ್ರಿಯಗಳು. ಮರ ಸತ್ತಾಗ ಏಕೇಂದ್ರಿಯ ಜೀವವೊಂದು ಅದನ್ನು ಬಿಟ್ಟಿತು, ನಿಜ. ಆದರೆ ಅದೇ ಕಾಂಡದೊಳಕ್ಕೆ ಕೊರೆಹುಳುಗಳೂ ಇರುವೆಗಳೂ ನೆಲೆಯೂರುತ್ತವೆ, ಹೀಗಾಗಿ ಹಸಿ ಮರವನ್ನು ಉಳಿಸಹೊರಟವನ ಗರಗಸ ಇಂದ್ರಿಯಗಳ ಲೆಕ್ಕದಲ್ಲಿ ಮರಕ್ಕಿಂತ ಮೇಲಿನ ಜೀವಿಗಳ ಮನೆಯನ್ನು ಹೊಕ್ಕಿರುತ್ತದೆ. ಈ ಮಾತಿಗೆ ಸರಪಳಿಯ ಚರಿತ್ರೆಯಿಂದಲೇ ಒಂದು ಪುರಾವೆ ದೊರೆಯುವುದು ಮನಕಲಕುವಂಥದು. ಅಮೆರಿಕದ ಒರೆಗನ್ ಪ್ರಾಂತದಲ್ಲಿ ಮರ ಕಡಿಯುವ ವೃತ್ತಿಯಲ್ಲಿದ್ದ ಜೋಸೆಫ್ ಕಾಕ್ಸ್ 1946ರಲ್ಲಿ ಕೊರಡಿನೊಳಗಿದ್ದ ಜೀರುಂಡೆಯ ಮರಿಹುಳು ತನ್ನ ಬಾಗಿದ ದವಡೆಗಳನ್ನು ಎಡಕ್ಕೂ ಬಲಕ್ಕೂ ಆಡಿಸುತ್ತ, ನಾರಿನ ಉದ್ದಕ್ಕೂ ಅಡ್ಡಕ್ಕೂ ಸಲೀಸಾಗಿ ಕೊರೆಯುವುದನ್ನು ಕಂಡು, ಅದೇ ದವಡೆಯ ಆಕಾರವನ್ನು ಉಕ್ಕಿನಲ್ಲಿ ಮೂಡಿಸಿದ. ಒಂದು ಹಲ್ಲು ಎಡಕ್ಕೆ, ಮುಂದಿನದು ಬಲಕ್ಕೆ ಎಂಬ ಇಂದಿನ ಸರಪಳಿಯ ಕ್ರಮ ಅಲ್ಲಿಂದ ಬೆಳೆಯಿತು. ಯಾವ ಹುಳುವಿನಿಂದ ವಿದ್ಯೆ ಕಲಿತದ್ದೋ ಆ ಹುಳುವಿನ ಕುಲವೇ ಕೊರಡಿನಲ್ಲಿ ಮೊದಲು ಎದುರಾಗುತ್ತದೆ ಎಂದ ಮೇಲೆ, ಕೊಯ್ಯುವ ಮುನ್ನ ತೊಗಟೆಯನ್ನು ಬಡಿದು ನೋಡುವುದು, ಟೊಳ್ಳಿನ ಸದ್ದು ಬಂದ ತುಂಡನ್ನು ಬೇರೆ ಇಡುವುದು ಆ ಹುಳುವಿಗೆ ಸಲ್ಲಬೇಕಾದ ಗುರುದಕ್ಷಿಣೆ. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೂರ್ತಿಗೆಂದು ಮರ ತರಲು ಕಾಡು ಹೊಗುವವನು ಹಿಂದಿನ ರಾತ್ರಿ ಮರಕ್ಕೆ ಪೂಜೆ ಸಲ್ಲಿಸಿ, ಅದರಲ್ಲಿ ನೆಲೆಸಿದ ಭೂತಗಳಿಗೆ ಬಲಿಯಿತ್ತು, ಬೇರೆಡೆಗೆ ಹೋಗಿ ವಾಸಿಸಿರೆಂದು ಬೇಡಿಕೊಳ್ಳುವ ವಿಧಿಯಿದೆ. ಅಲ್ಲಿಯ ಭೂತಶಬ್ದಕ್ಕೆ ಜೀವಿಯೆಂಬ ಸರಳಾರ್ಥವನ್ನು ಹಚ್ಚಿದರೂ ವಿಧಿಗೆ ಭಂಗವಿಲ್ಲ.

ಇನ್ನು ಕರ್ತೃವಿನ ಪ್ರಶ್ನೆ. ನ್ಯಾಯದರ್ಶನದಲ್ಲಿ ಕರಣವೆಂದರೆ ಕಾರ್ಯಕ್ಕೆ ಅಸಾಧಾರಣವಾದ ಕಾರಣ. ಕಡಿಯುವ ಕ್ರಿಯೆಗೆ ಕೊಡಲಿ ಕರಣ, ಕೊಡಲಿಗೂ ಮರಕ್ಕೂ ಆಗುವ ಸಂಯೋಗ ಅದರ ವ್ಯಾಪಾರ ಎಂಬುದು ಎಲ್ಲ ಪಾಠಶಾಲೆಗಳಲ್ಲಿಯೂ ಬರುವ ಉದಾಹರಣೆ. ಕರಣವು ಎಷ್ಟೇ ಅಸಾಧಾರಣವಾದರೂ ಕರ್ತೃವಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೀವನ ಕರ್ತೃತ್ವವನ್ನು ವಿಚಾರಿಸುವಾಗ ಸೂತ್ರಕಾರರು ಬಡಗಿಯನ್ನೇ ದೃಷ್ಟಾಂತವಾಗಿ ತರುತ್ತಾರೆ, ಮತ್ತು ಮೂವರು ಆಚಾರ್ಯರು ಆ ಒಬ್ಬ ಬಡಗಿಯಲ್ಲಿ ಮೂವರನ್ನು ಕಾಣುತ್ತಾರೆ. ಶಂಕರರಿಗೆ ಬಡಗಿಯು ಬಾಚಿ ಹಿಡಿದಿರುವಾಗ ಕರ್ತೃ ಮತ್ತು ದುಃಖಿ, ಅದನ್ನು ಕೆಳಗಿಟ್ಟು ಮನೆಗೆ ಮರಳಿದಾಗ ಸುಖಿ. ಕರ್ತೃತ್ವವೆಂಬುದು ಉಪಕರಣದ ಉಪಾಧಿಯಿಂದ ಬಂದದ್ದು, ಸ್ವಭಾವವಲ್ಲ. ರಾಮಾನುಜರಿಗೆ ಉಪಕರಣ ಕೈಯಲ್ಲಿದ್ದರೂ ಬಡಗಿ ಇಚ್ಛಿಸಿದಾಗ ಮಾಡುತ್ತಾನೆ, ಇಚ್ಛಿಸದಾಗ ಬಿಡುತ್ತಾನೆ ಎಂಬುದೇ ಮುಖ್ಯ. ಮಧ್ವಾಚಾರ್ಯರಿಗೆ ಬಡಗಿಯು ಮಾಡಿಸುವವನಿಗೆ ಅಧೀನನೂ ಹೌದು, ತಾನೇ ಮಾಡುವವನೂ ಹೌದು. ಜೀವನ ಕರ್ತೃತ್ವವೂ ಹಾಗೆಯೇ ಈಶ್ವರಾಧೀನವಾಗಿದ್ದುಕೊಂಡೇ ಸತ್ಯ.

ವಸತಿ ಸಂಕೀರ್ಣದ ಆವರಣದಲ್ಲಿ ಬಿದ್ದ ಮರವನ್ನು ತುಂಡರಿಸುವ ಕಾರ್ಮಿಕನ ಸ್ಥಿತಿಗೆ ಮಧ್ವರ ಬಡಗಿ ಎಲ್ಲರಿಗಿಂತ ಹತ್ತಿರದವನು. ಸಾಮಾನ್ಯ ಸಭೆಯಲ್ಲಿ ಕೈಯೆತ್ತಿದ ಸದಸ್ಯರದು ಅನುಮತ, ಗುತ್ತಿಗೆ ಕೊಟ್ಟ ಕಾರ್ಯದರ್ಶಿಯದೂ ಗುತ್ತಿಗೆದಾರನದೂ ಕಾರಿತ, ಯಂತ್ರ ಹಿಡಿದವನದು ಕೃತ. ಆದರೆ ಸರಪಳಿಯನ್ನು ಕೊಂಡುಕೊಡುವವನು ಸಾಮಾನ್ಯವಾಗಿ ಯಂತ್ರ ಹಿಡಿದವನಲ್ಲ, ಗುತ್ತಿಗೆದಾರ. ಅಗ್ಗಕ್ಕೆ ಸಿಕ್ಕ ಸರಪಳಿಯನ್ನೋ ಸವೆದು ಹಲ್ಲು ಗಿಡ್ಡವಾದ ಹಳೆಯದನ್ನೋ ಕಾರ್ಮಿಕನ ಕೈಗೆ ಕೊಟ್ಟರೆ ಆರಂಭ ಒಬ್ಬನದಾಗಿ ಸಮಾರಂಭ ಇನ್ನೊಬ್ಬನದಾಗುತ್ತದೆ. ಪಾಪದ ಲೆಕ್ಕದಲ್ಲಿ ಇಬ್ಬರೂ ಸೇರಿದ್ದರೂ ಮೈಗೆ ಬೀಳುವ ಪೆಟ್ಟು ಮೊದಲನೆಯವನಿಗೆ ಮಾತ್ರ. ಈ ಅನ್ಯಾಯವನ್ನು ಸಮಂತಭದ್ರಾಚಾರ್ಯರು ಬಹಳ ಹಿಂದೆಯೇ ಕಂಡಿದ್ದರೆಂದು ತೋರುತ್ತದೆ. ಅವರ ರತ್ನಕರಂಡಕ ಶ್ರಾವಕಾಚಾರವು ಗೃಹಸ್ಥನು ತೊರೆಯಬೇಕಾದ ಅನರ್ಥದಂಡಗಳಲ್ಲಿ, ಅಂದರೆ ಪ್ರಯೋಜನವಿಲ್ಲದೆ ಕರ್ಮವನ್ನು ಮೈಮೇಲೆ ಎಳೆದುಕೊಳ್ಳುವ ನಡತೆಗಳಲ್ಲಿ, ಹಿಂಸಾದಾನವೆಂಬುದನ್ನು ಎಣಿಸಿ, ಕೊಡಲಿ, ಕತ್ತಿ, ಗುದ್ದಲಿ, ಬೆಂಕಿ ಮೊದಲಾದ ವಧಸಾಧನಗಳನ್ನು ಇನ್ನೊಬ್ಬರಿಗೆ ಕೊಡುವುದೇ ಅದು ಎನ್ನುತ್ತದೆ, ಮತ್ತು ಆ ಪಟ್ಟಿಯಲ್ಲಿ ಶೃಂಖಲೆಯೂ, ಎಂದರೆ ಸರಪಳಿಯೂ ಇದೆ. ಅಲ್ಲಿಯದು ಕಟ್ಟಿಹಾಕುವ ಸರಪಳಿ, ಕೊಯ್ಯುವ ಸರಪಳಿ ಆಗಿನ್ನೂ ಹುಟ್ಟಿರಲಿಲ್ಲ. ಆದರೂ ಸಾಧನವನ್ನು ಕೈಗಿಡುವವನ ಹೊಣೆಯನ್ನು ಆಚಾರ್ಯರು ಬಿಡಿಯಾಗಿ ಹೆಸರಿಟ್ಟು ಗುರುತಿಸಿದ್ದಾರೆ ಎಂಬುದು ಇಲ್ಲಿಯ ವಾದಕ್ಕೆ ಸಾಕಾದಷ್ಟು ಆಧಾರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹಾನಿಗೆ ಪ್ರಮಾದದ, ಅಂದರೆ ಎಚ್ಚರಗೇಡಿತನದ, ಸಂಬಂಧವನ್ನು ಷರತ್ತಾಗಿ ಇಟ್ಟಿರುವುದು ಈ ಕಾರಣಕ್ಕೇ ಮಹತ್ವದ್ದು. ಕೃಷಿ, ಕಸುಬುಗಳಲ್ಲಿ ಅನಿವಾರ್ಯವಾಗಿ ಆಗುವ ಉದ್ಯೋಗೀ ಹಿಂಸೆಯನ್ನು ಗೃಹಸ್ಥನು ಪೂರ್ತಿಯಾಗಿ ಬಿಡಲಾರನೆಂದು ಜೈನರು ಒಪ್ಪುತ್ತಾರೆ. ಬಿಡಲಾಗದ ಕೆಲಸದಲ್ಲಿ ಯತ್ನಾಚಾರವನ್ನು, ಅಂದರೆ ಎಚ್ಚರದ ನಡೆಯನ್ನು, ಬೇಡುತ್ತಾರೆ. ಗರಗಸದ ಮಟ್ಟಿಗೆ ಈ ಎಚ್ಚರದ ಪಾಠ ತೀರ ನಿರ್ದಿಷ್ಟವಾದದ್ದು. ಹರಿತವಾದ ಸರಪಳಿ ಮರದಿಂದ ಚಕ್ಕೆಗಳನ್ನು ಎಬ್ಬಿಸುತ್ತದೆ, ಮೊಂಡಾದದ್ದು ಹಿಟ್ಟಿನಂಥ ಪುಡಿಯನ್ನು ಉದುರಿಸುತ್ತದೆ. ಪುಡಿ ಕಂಡ ಕೂಡಲೇ ನಿಲ್ಲಿಸಿ ಮಸೆಯದವನು ಯಂತ್ರವನ್ನು ತೋಳಿನಿಂದ ಒತ್ತತೊಡಗುತ್ತಾನೆ, ಬಾರ್ ಕಾಯುತ್ತದೆ, ನಡುಕ ಮೊಣಕೈಯವರೆಗೂ ಏರುತ್ತದೆ, ದಣಿದ ಕೈ ತಪ್ಪಿದಾಗ ಬಾರಿನ ತುದಿ ಇನ್ನೊಂದು ಕೊಂಬೆಗೆ ತಾಗಿ ಇಡೀ ಯಂತ್ರವೇ ಮುಖದತ್ತ ಚಿಮ್ಮುತ್ತದೆ. 0.325 ಇಂಚಿನ ಸರಪಳಿಗೆ 4.8 ಮಿಲಿಮೀಟರ್ ದಪ್ಪದ ದುಂಡನೆಯ ಅರದಿಂದ ಎಲ್ಲ ಹಲ್ಲುಗಳನ್ನೂ ಒಂದೇ ಅಳತೆಗೆ ಮಸೆಯಬೇಕು. ಪ್ರತಿ ಹಲ್ಲಿನ ಮುಂದಿರುವ ಆಳದ ಗುಬುಟು ಹಲ್ಲಿನ ಅಲಗಿಗಿಂತ ಸುಮಾರು 0.65 ಮಿಲಿಮೀಟರಿನಷ್ಟು ಮಾತ್ರ ತಗ್ಗಿರಬೇಕು. ಬೇಗ ಕೊಯ್ಯಲೆಂದು ಆ ಗುಬುಟನ್ನು ಹೆಚ್ಚು ಉಜ್ಜಿದರೆ ಹಲ್ಲು ಮಿತಿಮೀರಿ ಕಚ್ಚಿ ಯಂತ್ರ ಎಗರುತ್ತದೆ. ಲೋಭವೆಂಬ ಕಷಾಯವನ್ನು ಮಿಲಿಮೀಟರಿನಲ್ಲಿ ಅಳೆಯಬಹುದಾದ ಎಡೆಗಳು ಲೋಕದಲ್ಲಿ ಹೆಚ್ಚಿಲ್ಲ, ಇದು ಅಂಥದೊಂದು.

ಕನ್ನಡದ ಭಕ್ತಿಪರಂಪರೆಯಲ್ಲಿ ಸೌದೆಗೆ ಬೇರೆಯೇ ಗೌರವವಿದೆ. ಉಡುಪಿಯಲ್ಲಿ ಎರಡು ವರ್ಷಕ್ಕೊಮ್ಮೆ ಬರುವ ಪರ್ಯಾಯಕ್ಕೆ ಮುನ್ನ ಬಾಳೆ, ಅಕ್ಕಿ, ಭತ್ತಗಳಿಗಿರುವಂತೆ ಕಟ್ಟಿಗೆಗೂ ಒಂದು ಮುಹೂರ್ತವಿದೆ, ಅನ್ನದಾನದ ಉರುವಲನ್ನು ರಥದ ಆಕಾರದಲ್ಲಿ ಒಟ್ಟುತ್ತಾರೆ. ಶರಣರಲ್ಲಿ ಮೋಳಿಗೆ ಮಾರಯ್ಯನವರ ಹೆಸರೇ ಸೌದೆಹೊರೆಯಿಂದ ಬಂದದ್ದು. ಕಾಶ್ಮೀರದ ಅರಸುತನವನ್ನು ಬಿಟ್ಟು ಬಸವಣ್ಣನವರ ಕಲ್ಯಾಣಕ್ಕೆ, ಉಲ್ಹಾಸ್ ನದಿಯ ದಡದ ಈ ಕಲ್ಯಾಣಕ್ಕಲ್ಲ, ಬಂದು ಕಟ್ಟಿಗೆ ಮಾರಿ ದಾಸೋಹ ನಡೆಸಿದರೆಂದೂ, ಮನೆಯಲ್ಲಿ ಯಾರೋ ಇಟ್ಟುಹೋದ ಹೊನ್ನನ್ನು ತಮ್ಮ ಕಾಯಕದ್ದಲ್ಲವೆಂದು ಮುಟ್ಟಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅವರ ಹೊರೆಯಲ್ಲಿ ಕೃತ, ಕಾರಿತ, ಅನುಮತಗಳು ಬೇರೆ ಬೇರೆ ಹೆಗಲುಗಳ ಮೇಲೆ ಹಂಚಿಹೋಗಿರಲಿಲ್ಲ: ಆಯುಧವನ್ನು ಆರಿಸಿದವರೂ ಕಡಿದವರೂ ಹೊತ್ತವರೂ ಅವರೇ. ಯಂತ್ರಗರಗಸದ ಕಾಲದಲ್ಲಿ ಅಂಥ ಕಾಯಕವನ್ನು ಮರಳಿ ತರಲಾಗದಿದ್ದರೂ, ಮರವನ್ನು ಕೊಯ್ಯುವವನಿಗೆ ಸರಪಳಿಯನ್ನು ಆರಿಸುವ, ಬೇಡವೆನ್ನುವ, ಮಸೆಯಲು ಹೊತ್ತು ಕೇಳುವ ಅಧಿಕಾರವನ್ನು ಕೊಡುವುದು ಯಾವ ಸಂಘಕ್ಕೂ ಅಸಾಧ್ಯವಲ್ಲ. ಶಿರಸ್ತ್ರಾಣ, ಕಾಲಿನ ರಕ್ಷಾಕವಚಗಳಂತೆ ತಕ್ಕ ಸರಪಳಿಯೂ ಗುತ್ತಿಗೆಯ ಪತ್ರದಲ್ಲಿ ಒಂದು ಸಾಲಾಗಿ ಬರಬೇಕು.

ವೈದಿಕರ ಸೋಮಯಾಗದಲ್ಲಿ ಯೂಪಕ್ಕೆ, ಅಂದರೆ ಯಜ್ಞದ ಕಂಬಕ್ಕೆ, ಮರ ಕಡಿಯುವಾಗ ಕೊಡಲಿ ತಾಗುವ ಜಾಗದಲ್ಲಿ ಒಂದು ದರ್ಭೆಯ ಎಸಳನ್ನು ಅಡ್ಡವಿಟ್ಟು, ಮರವನ್ನು ಕಾಯೆಂದು ಆ ಹುಲ್ಲನ್ನೂ ಹಿಂಸಿಸಬೇಡವೆಂದು ಕೊಡಲಿಯನ್ನೂ ಬೇಡುವ ಮಂತ್ರಗಳನ್ನು ತೈತ್ತಿರೀಯ ಸಂಹಿತೆ ಕೊಡುತ್ತದೆ. ಮರ ಉರುಳಿದ ಮೇಲೆ ಉಳಿದ ಬುಡಕ್ಕೆ ತುಪ್ಪ ಹೊಯ್ದು ನೂರು ಕವಲಾಗಿ ಚಿಗುರೆಂದು ಹರಸುತ್ತಾರೆ. ಸುಬಾಬುಲ್, ಗ್ಲಿರಿಸಿಡಿಯಾಗಳಂಥ ಮರಗಳು ಬುಡ ಕೊಯ್ದರೂ ಮತ್ತೆ ಚಿಗುರುವ ಜಾತಿಯವು. ಆ ಚಿಗುರು ಹೊರಡುವುದು ಬುಡದ ಅಂಚಿನ ತೊಗಟೆಯ ಕೆಳಗಿನಿಂದ. ಮೊಂಡು ಹಲ್ಲು ಆ ತೊಗಟೆಯನ್ನು ಹರಿದು ಸಿಪ್ಪೆ ಏಳಿಸುತ್ತದೆ, ಹರಿತವಾದ ಹಲ್ಲು ಅದನ್ನು ಮರದಿಂದ ಬಿಡಿಸದೆ ನಯವಾಗಿ ಕೊಯ್ಯುತ್ತದೆ. ಮಳೆನೀರು ನಿಂತು ಕೊಳೆಯದಂತೆ ಕೊಯ್ತವನ್ನು ತುಸು ಓರೆಯಾಗಿ ಮುಗಿಸಿದರೆ, ಮುಂದಿನ ಮಳೆಗಾಲದ ಹೊತ್ತಿಗೆ ಬುಡದ ಸುತ್ತ ಹಸಿರು ಕಡ್ಡಿಗಳು ಎದ್ದಿರುತ್ತವೆ.